ಮಗು ಶಾಂತವಾಗಿದೆ

ನನ್ನನ್ನು ಮಕ್ಕಳ ವಾರ್ಡಿಗೆ ಹಾಕಿದ್ದು 1977ರಲ್ಲಿ, ನರ್ಸಿಂಗ್ ಮುಗಿಸಿದ ಮೊದಲ ವರ್ಷ. ಆಸ್ಪತ್ರೆಯ ಹೆಸರು ಬೇಡ. ಆಗ ಶಿಸ್ತಿಗೆ ಹೆಸರಾದ ಆಸ್ಪತ್ರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಹಸಿರು ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ‘ಭೇಟಿಯ ಸಮಯ: ಸಂಜೆ 4ರಿಂದ 6’ ಎಂದು ಬರೆದಿತ್ತು. ಐದೂವರೆ ಆಗುತ್ತಲೇ ತಾಯಂದಿರ ಕಣ್ಣು ಗೋಡೆ ಗಡಿಯಾರದ ಕಡೆ ಹೊರಳುತ್ತಿದ್ದವು. ಆರಕ್ಕೆ ಹಿತ್ತಾಳೆ ಗಂಟೆ ಬಾರಿಸುತ್ತ ಮಂಚದಿಂದ ಮಂಚಕ್ಕೆ ಹೋಗುವುದು ವಾರ್ಡಿನ ಕಿರಿಯ ನರ್ಸಿನ ಕೆಲಸ. ಆ ವರ್ಷ ಕಿರಿಯಳು ನಾನು.

ಏಳನೇ ಮಂಚದಲ್ಲಿ ಎರಡೂವರೆ ವರ್ಷದ ಒಬ್ಬ ಹುಡುಗಿ ಇದ್ದಳು. ಸುಗ್ಗಿಯಲ್ಲಿ ಚಕ್ಕಡಿಯಿಂದ ಬಿದ್ದು ತೊಡೆಯ ಎಲುಬು ಮುರಿದಿತ್ತು. ಕಾಲಿಗೆ ಪಟ್ಟಿ ಸುತ್ತಿ, ಹಗ್ಗ ಕಟ್ಟಿ, ಹಗ್ಗದ ತುದಿಗೆ ಭಾರ ಇಳಿಬಿಟ್ಟು ನಾಲ್ಕು ವಾರ ಮಲಗಿಸಬೇಕು. ಅವಳ ಅವ್ವ ಊರಿಂದ ಬರುವಾಗ ಒಂದು ಕೌದಿ ತಂದಿದ್ದಳು. ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲೆದದ್ದು, ಒಲೆಯ ಹೊಗೆಯ ವಾಸನೆ ಇನ್ನೂ ಇತ್ತು. ‘ಹೊರಗಿನ ಬಟ್ಟೆ ವಾರ್ಡಿನೊಳಗೆ ಬೇಡ’ ಎಂದು ಮೇಟ್ರನ್ ಅದನ್ನು ಹಿಂದಕ್ಕೆ ಕಳಿಸಿದರು. ಮೊದಲ ಎರಡು ದಿನ ಹುಡುಗಿ ‘ಯವ್ವಾ’ ಎಂದು ಗಂಟಲು ಹರಿದುಹೋಗುವಂತೆ ಅತ್ತಳು. ಮೂರನೆಯ ದಿನ ಅಳು ಇಳಿಯಿತು. ಐದಾರು ದಿನಕ್ಕೆ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದಳು. ಎರಡನೆಯ ವಾರದ ಹೊತ್ತಿಗೆ ಯಾರು ಉಣಿಸಿದರೂ ಉಣ್ಣುತ್ತಿದ್ದಳು, ರೌಂಡ್ಸಿಗೆ ಬಂದ ಡಾಕ್ಟರಿಗೆ ನಗುತ್ತಿದ್ದಳು. ವಾರ್ಡಿಗೆಲ್ಲ ಅವಳೇ ಒಳ್ಳೆಯ ಹುಡುಗಿ.

ಅವ್ವ ವಾರಕ್ಕೆ ಎರಡು ಸಲ, ಬಸ್ಸು ಸಿಕ್ಕ ದಿನ ಬರುತ್ತಿದ್ದಳು. ಮೂರನೆಯ ವಾರ ಬಂದಾಗ ಹುಡುಗಿ ಅವಳ ಕೈಯಲ್ಲಿದ್ದ ಬಾಳೆಹಣ್ಣು ತೆಗೆದುಕೊಂಡಳು. ಅವಳ ಮುಖ ನೋಡಲಿಲ್ಲ. ‘ನೋಡ್ರಿ ಬಾಯಾರ, ಕೂಸು ನನ್ನ ಗುರುತ ಹಿಡೀವಲ್ದು’ ಎಂದು ಆ ಹೆಂಗಸು ನನ್ನ ಕಡೆ ತಿರುಗಿದಳು. ‘ಹಂಗೇನಿಲ್ಲ ಬಿಡವ್ವಾ, ರೂಢಿ ಆಗೈತಿ’ ಅಂದೆ. ಆರಾಯಿತು, ಗಂಟೆ ಬಾರಿಸಿದೆ. ರಾತ್ರಿ ರಿಪೋರ್ಟ್ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಎರಡೇ ಪದ ಬರೆದೆ. ಕನ್ನಡದಲ್ಲಿ ಹೇಳುವುದಾದರೆ: ಮಗು ಶಾಂತವಾಗಿದೆ, ಹೊಂದಿಕೊಂಡಿದೆ.

ಆ ಬರಹ ಸುಳ್ಳು ಎಂದು ನನಗೆ ತಿಳಿದದ್ದು ಸುಮಾರು ಹತ್ತು ವರ್ಷದ ಮೇಲೆ. ನರ್ಸಿಂಗ್ ಟ್ಯೂಟರ್ ತರಬೇತಿಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಪರದೆ ಎಳೆದು ಹಳೆಯ ಕಪ್ಪುಬಿಳುಪು ಚಿತ್ರವೊಂದನ್ನು ತೋರಿಸಿದರು. ಲಂಡನ್ನಿನ ಒಂದು ಆಸ್ಪತ್ರೆ, ಎರಡು ವರ್ಷ ದಾಟಿದ ಲಾರಾ ಎಂಬ ಹುಡುಗಿ, ಹೊಕ್ಕುಳ ಅಂಡವಾಯುವಿನ ಶಸ್ತ್ರಚಿಕಿತ್ಸೆ, ಎಂಟು ದಿನ. ಕಥೆ ಅಷ್ಟೆ. ಲಾರಾ ದೊಡ್ಡದಾಗಿ ಅಳುವುದೂ ಇಲ್ಲ. ತುಟಿ ಬಿಗಿಹಿಡಿದು ಕೂರುತ್ತಾಳೆ, ನಡುನಡುವೆ ಅಮ್ಮನನ್ನು ಕೇಳುತ್ತಾಳೆ, ಮನೆಯಿಂದ ತಂದ ಆಟದ ಕರಡಿಯನ್ನೂ ಕಂಬಳಿಯ ತುಂಡನ್ನೂ ಬಿಡುವುದಿಲ್ಲ. ಕೊನೆಯ ದಿನ ಅಮ್ಮ ಕರೆದೊಯ್ಯಲು ಬರುತ್ತಾಳೆ. ಲಾರಾ ತನ್ನ ಸಾಮಾನು ತಾನೇ ಹಿಡಿದು ಹೊರಡುತ್ತಾಳೆ, ಅಮ್ಮನ ಕೈ ಹಿಡಿಯುವುದಿಲ್ಲ. ಆ ಕತ್ತಲೆ ಕೋಣೆಯಲ್ಲಿ ನನಗೆ ಕಂಡದ್ದು ಲಾರಾ ಅಲ್ಲ, ಏಳನೇ ಮಂಚದ ಬಾಳೆಹಣ್ಣು.

ಅಂದಿನಿಂದ ಆ ಹಿತ್ತಾಳೆ ಗಂಟೆಯ ಪೂರ್ವಿಕರನ್ನು ಹುಡುಕುವುದು ನನಗೊಂದು ಗೀಳಾಯಿತು. ಮನೋವಿಜ್ಞಾನದಲ್ಲಿ ‘ಅಂಟು’ ಅಥವಾ ‘ಬಾಂಧವ್ಯ ಸಿದ್ಧಾಂತ’ ಎನ್ನುವ ದೊಡ್ಡ ವಿಚಾರ ಹುಟ್ಟಿದ್ದಕ್ಕೂ ಆಸ್ಪತ್ರೆಯ ಭೇಟಿ ಸಮಯದ ಜಗಳಕ್ಕೂ ಹತ್ತಿರದ ನಂಟಿದೆ ಎಂದು ಹೋಗುತ್ತ ಹೋಗುತ್ತ ಗೊತ್ತಾಯಿತು.

ಮೊದಲಿಂದ ಹೀಗಿರಲಿಲ್ಲ. ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ 1769ರಲ್ಲಿ ಔಷಧಾಲಯ ತೆರೆದ ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯ ಮಕ್ಕಳನ್ನು ಒಳರೋಗಿಗಳಾಗಿ ಇರಿಸಿಕೊಳ್ಳಲು ಒಪ್ಪಿರಲಿಲ್ಲ. ಕಾಯಿಲೆಯ ಕೂಸನ್ನು ಹೆತ್ತವರಿಂದ ಕಿತ್ತರೆ ಅದರ ಎದೆಯೊಡೆಯುತ್ತದೆ ಎಂಬುದು ಅವನ ವಾದ. 1852ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟಿನಲ್ಲಿ 10 ಹಾಸಿಗೆಗಳ ಮಕ್ಕಳ ಆಸ್ಪತ್ರೆ ಶುರುವಾಯಿತು, ಅಂಥವು ಊರೂರಲ್ಲಿ ಎದ್ದವು. ಜೊತೆಗೆ ಗಂಟೆಯೂ ಬಂತು. ಅದಕ್ಕೆ ಕಾರಣ ಇರಲಿಲ್ಲ ಎನ್ನಲಾರೆ. ಗಂಟಲಮಾರಿ, ದಡಾರ, ನಾಯಿಕೆಮ್ಮು ಒಂದು ಮಂಚದಿಂದ ಇನ್ನೊಂದಕ್ಕೆ ಹಾರುತ್ತಿದ್ದ ಕಾಲ. ಪೆನಿಸಿಲಿನ್ ಇನ್ನೂ ಎಷ್ಟೋ ದೂರ. ಹೊರಗಿನವರು ರೋಗ ತರುತ್ತಾರೆ ಎಂಬ ಭಯ ನಿಜವಾದದ್ದೇ. ಅದರ ಬೆನ್ನಿಗೆ ಇನ್ನೊಂದು ಮಾತೂ ಸೇರಿಕೊಂಡಿತು: ಬಡ ತಾಯಂದಿರು ಕೊಳಕು, ಮಿಠಾಯಿ ತಂದು ತಿನ್ನಿಸುತ್ತಾರೆ, ಹೋಗುವಾಗ ಮಕ್ಕಳನ್ನು ಅಳಿಸಿ ಹೋಗುತ್ತಾರೆ. ಭೇಟಿಯಾದ ಮೇಲೆ ಮಕ್ಕಳು ಅಳುವುದನ್ನು ಎಲ್ಲರೂ ನೋಡಿದ್ದರು. ಹಾಗಾದರೆ ಭೇಟಿಯೇ ಕೆಟ್ಟದ್ದು ಎಂದು ಲೆಕ್ಕ ಹಾಕಿದರು. ಭೇಟಿ ಇಲ್ಲದ ದಿನದ ಮೌನವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ವಿಜ್ಞಾನವೂ ಆಗ ಗಂಟೆಯ ಪಕ್ಷ. ಅಮೆರಿಕದ ಜಾನ್ ವಾಟ್ಸನ್, ವರ್ತನಾವಾದದ ಮೂಲಪುರುಷ, 1928ರಲ್ಲಿ ಮಕ್ಕಳನ್ನು ಬೆಳೆಸುವ ಬಗ್ಗೆ ಪುಸ್ತಕ ಬರೆದು, ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದ. ನನ್ನ ಅಜ್ಜಿಗೆ ಇದನ್ನು ಹೇಳಿದ್ದರೆ ‘ಆ ಮನಶ್ಯಾಗ ಹೆತ್ತಾಕಿ ಇದ್ದಿಲ್ಲೇನು?’ ಎಂದು ಕೇಳುತ್ತಿದ್ದಳು. ಆದರೆ ಅಂದಿನ ಓದಿದ ತಾಯಂದಿರು ಇದನ್ನು ನಂಬಿದರು; ನಾಲ್ಕು ತಾಸಿಗೊಮ್ಮೆ ಹಾಲು, ನಡುವೆ ಅತ್ತರೆ ಎತ್ತಬಾರದು ಎಂದು ಗಡಿಯಾರ ನೋಡಿ ಕೂತರು.

1949ರಲ್ಲಿ ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಭೇಟಿ ಸಮಯದ ಒಂದು ಪಟ್ಟಿ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಗಯ್ಸ್ ಆಸ್ಪತ್ರೆಯಲ್ಲಿ ಭಾನುವಾರ 2ರಿಂದ 4. ಸೇಂಟ್ ಥಾಮಸ್‌ನಲ್ಲಿ ಮೊದಲ ಒಂದು ತಿಂಗಳು ಭೇಟಿಯೇ ಇಲ್ಲ, ಸಂಜೆ 7ರಿಂದ 8ರ ನಡುವೆ ಮಲಗಿದ ಮಗುವನ್ನು ನೋಡಿ ಹೋಗಬಹುದು. ಲಂಡನ್ ಹಾಸ್ಪಿಟಲಿನಲ್ಲಿ 3 ವರ್ಷದೊಳಗಿನ ಮಗುವನ್ನು ಅಡ್ಡಗೋಡೆಯ ಆಚೆಯಿಂದ ನೋಡಲಷ್ಟೇ ಅನುಮತಿ. ದಿನಕ್ಕೆ ಎರಡು ತಾಸು ಕೊಟ್ಟಿದ್ದ ನಮ್ಮ ಮೇಟ್ರನ್ ಇವರ ಮುಂದೆ ಕರುಣಾಮಯಿ.

*

ಗೋಡೆಯಲ್ಲಿ ಮೊದಲ ಬಿರುಕು ಕಂಡದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಮಕ್ಕಳ ವೈದ್ಯ ಹ್ಯಾರಿ ಬ್ಯಾಕ್ವಿನ್ ಗಮನಿಸಿದ್ದೇನೆಂದರೆ, ಸೋಂಕು ತಡೆಯಲು ಎಷ್ಟು ಕಟ್ಟುನಿಟ್ಟು ಮಾಡಿದರೂ ಎಳೆಗೂಸುಗಳು ಸೊರಗುತ್ತಿದ್ದವು. ಹಾಲು ಸಾಕಷ್ಟು ಕುಡಿದರೂ ತೂಕ ಏರುತ್ತಿರಲಿಲ್ಲ. ಮನೆಗೆ ಕಳಿಸಿದರೆ ಏರುತ್ತಿತ್ತು. ಒಳಗೆ ಬರುವ ಮೊದಲು ಎರಡು ಸಲ ಕೈ ತೊಳೆಯಿರಿ ಎಂದು ಸಾರುತ್ತಿದ್ದ ಬೋರ್ಡನ್ನು ತೆಗೆಸಿ, ಒಂದು ಮಗುವನ್ನಾದರೂ ಎತ್ತಿಕೊಳ್ಳದೆ ಈ ಕೋಣೆಗೆ ಕಾಲಿಡಬೇಡಿ ಎಂಬರ್ಥದ ಬೋರ್ಡು ಹಾಕಿಸಿದ. 1942ರಲ್ಲಿ ಅವನು ಬರೆದ ಲೇಖನದ ವಿಷಯವೇ ಎಳೆಗೂಸುಗಳ ಒಂಟಿತನ. ಒಬ್ಬ ವೈದ್ಯ ಆ ಪದವನ್ನು ರೋಗಕಾರಣವೆಂದು ಬರೆಯುವುದಕ್ಕೆ ಆಗ ಧೈರ್ಯ ಬೇಕಿತ್ತು.

ಮೂರು ವರ್ಷದ ಮೇಲೆ ರೆನೆ ಸ್ಪಿಟ್ಜ್ ಎಂಬ ಮನೋವಿಶ್ಲೇಷಕ ಎರಡು ಜಾಗಗಳನ್ನು ಹೋಲಿಸಿದ. ಒಂದು, ಹೆಣ್ಣುಮಕ್ಕಳ ಜೈಲಿನ ಶಿಶುವಿಹಾರ. ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು, ಸ್ವಚ್ಛತೆಯಲ್ಲಿ ಬೆರಳು ತೋರಿಸಲಾಗದ ಅನಾಥಾಲಯ. ಅಲ್ಲಿ ಎಂಟು ಕೂಸಿಗೆ ಒಬ್ಬಳು ನರ್ಸ್. ತೊಟ್ಟಿಲ ಕಂಬಿಗಳಿಗೆ ಬಟ್ಟೆ ಹೊದಿಸಿದ್ದರಿಂದ ಕೂಸಿಗೆ ಕಾಣುತ್ತಿದ್ದದ್ದು ಚಾವಣಿ ಮಾತ್ರ. ಎರಡು ವರ್ಷದಲ್ಲಿ ಅನಾಥಾಲಯದ 91 ಮಕ್ಕಳಲ್ಲಿ 34 ಸತ್ತವು. ಜೈಲಿನಲ್ಲಿ ಒಂದೂ ಸಾಯಲಿಲ್ಲ. ಸ್ಪಿಟ್ಜ್‌ನ ಲೆಕ್ಕಾಚಾರದ ರೀತಿಯನ್ನು ಆಮೇಲಿನವರು ಜರಡಿ ಹಿಡಿದರು, ಹಿಡಿಯಬೇಕಾದ್ದೇ. ಆದರೆ ಅವನು ತೆಗೆದ ಮೂಕಿ ಚಿತ್ರದಲ್ಲಿ ಕಾಣುವ ಮಕ್ಕಳ ಮುಖವನ್ನು ಜರಡಿ ಹಿಡಿಯಲಾಗದು.

ಇತ್ತ ಇಂಗ್ಲೆಂಡಿನಲ್ಲಿ 1939ರ ಸೆಪ್ಟೆಂಬರಿನಲ್ಲಿ ಬಾಂಬಿನ ಭಯದಿಂದ ಮೂರು ದಿನದಲ್ಲಿ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಅರ್ಧಕ್ಕಿಂತ ಹೆಚ್ಚು ಶಾಲಾಮಕ್ಕಳು, ಕೊರಳಲ್ಲಿ ಹೆಸರಿನ ಚೀಟಿ. ಅದೇ ಡಿಸೆಂಬರಿನಲ್ಲಿ ಮೂವರು ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಪತ್ರ ಬರೆದು, ಐದು ವರ್ಷದೊಳಗಿನವರನ್ನು ತಾಯಿಯಿಂದ ಅಗಲಿಸಿದರೆ ಮುಂದೆ ಅಪಾಯವಿದೆ ಎಂದು ಎಚ್ಚರಿಸಿದರು. ಅವರಲ್ಲೊಬ್ಬ ಜಾನ್ ಬೌಲ್ಬಿ. ದೊಡ್ಡ ಸರ್ಜನ್ನರ ಮಗ. ಆ ವರ್ಗದ ರೂಢಿಯಂತೆ ಅಮ್ಮನನ್ನು ನೋಡುತ್ತಿದ್ದದ್ದು ದಿನಕ್ಕೊಂದು ತಾಸು, ಚಹಾ ಮುಗಿದ ಮೇಲೆ. ಸಾಕಿದವಳು ಮಿನ್ನಿ ಎಂಬ ದಾದಿ. ಅವನಿಗೆ ನಾಲ್ಕು ವರ್ಷ ತುಂಬುವ ಹೊತ್ತಿಗೆ ಅವಳು ಕೆಲಸ ಬಿಟ್ಟು ಹೋದಳು. ಭೇಟಿ ಸಮಯ ಎಂದರೇನೆಂದು ಬೌಲ್ಬಿಗೆ ಆಸ್ಪತ್ರೆಗೆ ಸೇರದೆಯೇ ಗೊತ್ತಿತ್ತು.

ಆದರೆ ನನಗೆ ಹೆಚ್ಚು ಹತ್ತಿರದವನು ಜೇಮ್ಸ್ ರಾಬರ್ಟ್‌ಸನ್. ಸ್ಕಾಟ್ಲೆಂಡಿನ ದುಡಿಯುವ ಮನೆತನದವನು. ಯುದ್ಧಕಾಲದಲ್ಲಿ ಸಿಗ್ಮಂಡ್ ಫ್ರಾಯ್ಡ್‌ನ ಮಗಳು ಆನಾ ಫ್ರಾಯ್ಡ್ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರ್‌ಗೆ ಬೆಂಕಿ ಹಾಕುವ ಕೆಲಸದಿಂದ ಶುರುಮಾಡಿದವನು. ಆನಾ ಫ್ರಾಯ್ಡ್ ಅಲ್ಲಿ ಒಂದು ನಿಯಮ ಮಾಡಿದ್ದಳು: ಅಡುಗೆಯವರಿರಲಿ, ಬೆಂಕಿ ಹಾಕುವವನಿರಲಿ, ಮಕ್ಕಳ ಬಗ್ಗೆ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕು. ಊಹೆ ಬೇಡ, ಕಂಡದ್ದು ಮಾತ್ರ. ರಾಬರ್ಟ್‌ಸನ್ ಮುಂದೆ ದೊಡ್ಡ ಸಂಶೋಧಕನಾದದ್ದು ಆ ಚೀಟಿಗಳ ಪಾಠದಿಂದ. ನಮ್ಮ ರಿಪೋರ್ಟ್ ಪುಸ್ತಕವೂ ಚೀಟಿಯೇ ತಾನೇ? ನಾನು ಬರೆದದ್ದು ಕಂಡದ್ದನ್ನಲ್ಲ, ಮೇಟ್ರನ್‌ಗೆ ಬೇಕಾದದ್ದನ್ನು.

1948ರಲ್ಲಿ ಬೌಲ್ಬಿ ಅವನನ್ನು ತನ್ನ ಜೊತೆ ಸೇರಿಸಿಕೊಂಡು ಆಸ್ಪತ್ರೆಯ ಮಕ್ಕಳನ್ನು ನೋಡಿ ಬಾ ಎಂದು ಕಳಿಸಿದ. ಅವನು ಹೊಕ್ಕ ವಾರ್ಡಿನಲ್ಲಿ ಗದ್ದಲವೇ ಇರಲಿಲ್ಲ. ಪುಟ್ಟ ಮಕ್ಕಳು ಮಂಚದ ಮೇಲೆ ಮಾತಿಲ್ಲದೆ ಕೂತಿದ್ದವು. ಸಿಬ್ಬಂದಿಯ ಪ್ರಕಾರ ಅವು ಹೊಂದಿಕೊಂಡ ಮಕ್ಕಳು. ರಾಬರ್ಟ್‌ಸನ್ ವರ್ಷಗಟ್ಟಲೆ ನೋಡಿ ಮೂರು ಹಂತ ಗುರುತಿಸಿದ. ಮೊದಲನೆಯದು ಪ್ರತಿಭಟನೆ: ಅಳು, ಕೂಗು, ಬಾಗಿಲ ಕಡೆ ನೋಟ. ಎರಡನೆಯದು ಹತಾಶೆ: ಅಳು ನಿಲ್ಲುತ್ತದೆ, ಮಗು ಗೋಡೆಯ ಕಡೆ ತಿರುಗುತ್ತದೆ. ಮೂರನೆಯದು ದೂರ ಸರಿಯುವಿಕೆ: ಎಲ್ಲರಿಗೂ ನಗುತ್ತದೆ, ಉಣ್ಣುತ್ತದೆ, ತಾಯಿ ಬಂದರೆ ಆಕೆಯನ್ನು ಬಿಟ್ಟು ಆಕೆ ತಂದ ತಿಂಡಿಯನ್ನು ನೋಡುತ್ತದೆ. ಗೆಲುವಾಗಿದೆ ಎಂದು ಆಸ್ಪತ್ರೆ ಹಿಗ್ಗುವುದು ಈ ಮೂರನೆಯ ಹಂತದಲ್ಲಿ. ಹುಳಿ ಹಿಂಡಿದ ಹಾಲು ನೀರೊಡೆದು ತಿಳಿಯಾದದ್ದನ್ನು ಕಂಡು, ಎಷ್ಟು ಸ್ವಚ್ಛ ಎಂದ ಹಾಗೆ.

ಹೇಳಿದರೆ ಯಾರೂ ನಂಬಲಿಲ್ಲ. ಅದಕ್ಕೇ ಲಾರಾಳ ಆ ಸಿನಿಮಾ. ಅವನು ಅದುವರೆಗೆ ಚಲನಚಿತ್ರದ ಕ್ಯಾಮೆರಾ ಹಿಡಿದವನಲ್ಲ. ಬೇಕಾದ ಮಗುವನ್ನು ಆರಿಸಿಕೊಂಡ ಎಂಬ ಮಾತು ಬರಬಾರದೆಂದು ದಾಖಲಾಗುವವರ ಪಟ್ಟಿಯಿಂದ ಕಣ್ಣುಮುಚ್ಚಿ ಒಂದು ಹೆಸರು ತೆಗೆದ. ಬೇಕಾದ ಕ್ಷಣ ಮಾತ್ರ ಹಿಡಿದ ಎನ್ನಬಾರದೆಂದು ದಿನವೂ ನಿಗದಿಯಾದ ಹೊತ್ತಿಗೆ, ಗೋಡೆ ಗಡಿಯಾರ ಕಾಣುವಂತೆ ಚಿತ್ರಿಸಿದ. 1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ತೋರಿಸಿದಾಗ ವೈದ್ಯರೂ ನರ್ಸುಗಳೂ ಸಿಟ್ಟಿಗೆದ್ದರು. ನಮ್ಮ ಹೆಸರು ಕೆಡಿಸುತ್ತಿದ್ದಾನೆ, ಲಾರಾ ಎಲ್ಲ ಮಕ್ಕಳಂತಲ್ಲ, ನಮ್ಮ ವಾರ್ಡಿನ ಮಕ್ಕಳು ನಲಿವಿನಿಂದ ಇದ್ದಾರೆ ಎಂದರು. ಆ ಸಭೆಯಲ್ಲಿ ನಾನಿದ್ದಿದ್ದರೂ ಎದ್ದು ನಿಂತು ಅದನ್ನೇ ಹೇಳುತ್ತಿದ್ದೆ. ತಪ್ಪೊಪ್ಪಿಕೊಂಡರೆ ಅದುವರೆಗೆ ಬಾರಿಸಿದ ಗಂಟೆಗಳನ್ನೆಲ್ಲ ಲೆಕ್ಕ ಹಾಕಬೇಕಲ್ಲ.

ಸೋಂಕಿನ ವಾದಕ್ಕೂ ಅಷ್ಟರಲ್ಲಿ ಉತ್ತರ ಸಿಕ್ಕಿತ್ತು. ನ್ಯೂಕ್ಯಾಸಲ್‌ನಲ್ಲಿ ಜೇಮ್ಸ್ ಸ್ಪೆನ್ಸ್ 1920ರ ದಶಕದಿಂದಲೇ ತಾಯಂದಿರನ್ನು ಕೂಸಿನ ಜೊತೆ ಇರಿಸಿಕೊಳ್ಳುತ್ತಿದ್ದ. ನ್ಯೂಜಿಲೆಂಡಿನಲ್ಲಿ ಸೀಳುತುಟಿಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪಿಕೆರಿಲ್ ದಂಪತಿ, ಪ್ರತಿ ಕೂಸನ್ನು ಅದರ ತಾಯಿಯೇ ನೋಡಿಕೊಂಡರೆ ಒಂದರ ಸೋಂಕು ಇನ್ನೊಂದಕ್ಕೆ ದಾಟುವುದು ಕಡಿಮೆ ಎಂದು ಮಾಡಿ ತೋರಿಸಿದರು. ಹತ್ತು ಕೂಸು ಮುಟ್ಟುವ ಕೈ ನರ್ಸಿನದು, ತಾಯಿಯದಲ್ಲ. ಇಷ್ಟು ಸರಳ ಲೆಕ್ಕ ನಮಗೆ ಹೊಳೆದಿರಲಿಲ್ಲ.

1959ರಲ್ಲಿ ಸರ್ ಹ್ಯಾರಿ ಪ್ಲ್ಯಾಟ್ ಸಮಿತಿ ಬ್ರಿಟಿಷ್ ಸರ್ಕಾರಕ್ಕೆ ವರದಿ ಕೊಟ್ಟಿತು: ಮಕ್ಕಳ ವಾರ್ಡಿನಲ್ಲಿ ಭೇಟಿಗೆ ಸಮಯದ ಕಟ್ಟು ಬೇಡ, ಚಿಕ್ಕ ಮಕ್ಕಳ ತಾಯಂದಿರಿಗೆ ಉಳಿಯಲು ಜಾಗ ಕೊಡಿ. ವರದಿಗಳ ಹಣೆಬರಹ ಅಲ್ಲಿಯೂ ನಮ್ಮಲ್ಲಿದ್ದಂತೆಯೇ. 1961ರಲ್ಲಿ ರಾಬರ್ಟ್‌ಸನ್ ಪತ್ರಿಕೆಯಲ್ಲಿ ಬರೆದು, ಬಿಬಿಸಿಯಲ್ಲಿ ಚಿತ್ರದ ತುಣುಕು ತೋರಿಸಿದ ಮೇಲೆ ಲಂಡನ್ನಿನ ಬ್ಯಾಟರ್‌ಸಿಯ ತಾಯಂದಿರು ಸಂಘ ಕಟ್ಟಿ ಆಸ್ಪತ್ರೆಗಳ ಬಾಗಿಲು ತಟ್ಟತೊಡಗಿದರು. ಗಂಟೆ ನಿಂತದ್ದು ಅವರು ತಟ್ಟಿದ್ದರಿಂದ, ಅದೂ ವರ್ಷಗಳ ಮೇಲೆ.

*

ಮೌನವನ್ನು ಓದುವ ವಿದ್ಯೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಮೇರಿ ಐನ್ಸ್‌ವರ್ತ್ ಎಂಬ ಹೆಣ್ಣುಮಗಳಿಂದ. ಗಂಡನ ಕೆಲಸದ ಹಿಂದೆ 1954ರಲ್ಲಿ ಉಗಾಂಡಾಕ್ಕೆ ಹೋದವಳು, ಸುಮ್ಮನೆ ಕೂರದೆ ಕಂಪಾಲದ ಸುತ್ತಿನ ಹಳ್ಳಿಗಳಲ್ಲಿ 26 ಮನೆಗಳ ಕೂಸುಗಳನ್ನು ತಿಂಗಳುಗಟ್ಟಲೆ ನೋಡಿದಳು. ಅಂಬೆಗಾಲಿಡುವ ಕೂಸು ತಾಯಿಯನ್ನು ಬಿಟ್ಟು ದೂರ ಹೋಗುತ್ತದೆ, ಹಿಂದಿರುಗಿ ನೋಡುತ್ತದೆ, ಮತ್ತೆ ಹೋಗುತ್ತದೆ. ತಾಯಿ ಇದ್ದಾಳೆ ಎಂಬ ನೆಚ್ಚಿಕೆಯೇ ಅದಕ್ಕೆ ದೂರ ಹೋಗುವ ಧೈರ್ಯ. ಹಗ್ಗ ಗಟ್ಟಿಯಿದ್ದರೆ ತಾನೇ ಕೊಡ ಆಳಕ್ಕೆ ಇಳಿಯುವುದು. ಎತ್ತಿ ಮುದ್ದಿಸಿದರೆ ಮಗು ಅವಲಂಬಿಯಾಗುತ್ತದೆ ಎಂದಿದ್ದ ವಾಟ್ಸನ್‌ನ ಮಾತು ಇಲ್ಲಿ ತಲೆಕೆಳಗಾಯಿತು.

ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ಅವಳು ಒಂದು ಪರೀಕ್ಷೆ ಹೂಡಿದಳು. ಇಪ್ಪತ್ತು ನಿಮಿಷದ ಆಟ. ಆಟಿಕೆಯ ಕೋಣೆ, ಒಂದು ವರ್ಷದ ಕೂಸು, ತಾಯಿ, ಒಬ್ಬ ಅಪರಿಚಿತೆ. ತಾಯಿ ಮೂರು ನಿಮಿಷ ಹೊರಗೆ ಹೋಗಿ ಬರುತ್ತಾಳೆ. ಹೋದಾಗ ಏನು ಮಾಡಿತು ಎನ್ನುವುದಕ್ಕಿಂತ, ಬಂದಾಗ ಏನು ಮಾಡಿತು ಎಂಬುದನ್ನು ನೋಡಬೇಕು. ಹೆಚ್ಚಿನ ಕೂಸುಗಳು ಅತ್ತು, ತಾಯಿ ಬಂದೊಡನೆ ತೋಳಿಗೆ ಹತ್ತಿ, ಸಮಾಧಾನವಾಗಿ ಮತ್ತೆ ಆಟಕ್ಕೆ ಇಳಿದವು. ಕೆಲವು ಎಷ್ಟು ಎತ್ತಿಕೊಂಡರೂ ತಣಿಯಲಿಲ್ಲ. ಇನ್ನು ಕೆಲವು ಅಳಲೇ ಇಲ್ಲ. ತಾಯಿ ಬಂದಾಗ ಆಟಿಕೆಯಿಂದ ಕಣ್ಣೆತ್ತಲಿಲ್ಲ. ನೋಡುವವರಿಗೆ ಇವೇ ಗಟ್ಟಿ ಮಕ್ಕಳು. 1977ರಲ್ಲಿ, ನಾನು ಗಂಟೆ ಬಾರಿಸುತ್ತಿದ್ದ ಅದೇ ವರ್ಷ, ಅಮೆರಿಕದ ಸ್ರೂಫ್ ಮತ್ತು ವಾಟರ್ಸ್ ಎಂಬ ಇಬ್ಬರು ಇಂಥ ಕೂಸುಗಳ ಎದೆಬಡಿತ ಅಳೆದುದನ್ನು ಪ್ರಕಟಿಸಿದರು. ಮುಖದಲ್ಲಿ ಏನೂ ಇಲ್ಲ, ಎದೆ ಮಾತ್ರ ಓಡುತ್ತಿತ್ತು.

ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಅಂಗಳದಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿದೆ. ನಾವು ಏಳನೇ ಮಂಚದ ಹುಡುಗಿಯ ನಾಡಿ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆವು. ಅವ್ವ ಬಂದ ಹೊತ್ತಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಈ ಬಾಂಧವ್ಯ ಸಿದ್ಧಾಂತಕ್ಕೆ ಇನ್ನೊಂದು ಮುಖವೂ ಇದೆ. ಬೌಲ್ಬಿಯ ಮಾತನ್ನು ಹಿಡಿದುಕೊಂಡು, ದುಡಿಯಲು ಹೊರಗೆ ಹೋಗುವ ತಾಯಂದಿರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸಿದವರು ಬಹಳ. ರಾತ್ರಿ ಪಾಳಿ ಮಾಡುತ್ತ ಎರಡು ಮಕ್ಕಳನ್ನು ಬೆಳೆಸಿದ ನನಗೂ ಆ ಚುಚ್ಚುಮಾತು ತಪ್ಪಲಿಲ್ಲ. ಆದರೆ 1964ರಲ್ಲೇ ಗ್ಲಾಸ್ಗೋದ 60 ಕೂಸುಗಳನ್ನು ನೋಡಿದ ಶಾಫರ್ ಮತ್ತು ಎಮರ್ಸನ್, ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಕೂಸುಗಳಿಗೆ ಒಬ್ಬರಲ್ಲ, ಹಲವರ ಮೇಲೆ ಜೀವ ಇರುತ್ತದೆ ಎಂದು ಕಂಡುಕೊಂಡರು: ಅಪ್ಪ, ಅಜ್ಜಿ, ಅಕ್ಕ, ಪಕ್ಕದ ಮನೆಯವರು. 1972ರಲ್ಲಿ ಮೈಕಲ್ ರಟ್ಟರ್ ಬೌಲ್ಬಿಯ ವಾದವನ್ನೆಲ್ಲ ಬಿಡಿಸಿ ಒರೆಗೆ ಹಚ್ಚಿದ. ಕೂಸಿಗೆ ಬೇಕಾದದ್ದು ಇಪ್ಪತ್ನಾಲ್ಕು ತಾಸಿನ ತಾಯಿ ಎಂದಲ್ಲ, ಬದಲಾಗದೆ ತನಗಾಗಿ ಇರುವ ಕೆಲವು ಮುಖಗಳು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನಮ್ಮ ಅತ್ತೆಯವರು ಇದನ್ನು ಓದಿರಲಿಲ್ಲ. ನಾನು ರಾತ್ರಿ ಡ್ಯೂಟಿಗೆ ಹೊರಟಾಗ ಕೂಸನ್ನು ಕಂಕುಳಿಗೆ ಹಾಕಿಕೊಂಡು, ‘ನೀ ಹೋಗವ್ವಾ, ಇದಕ್ಕ ನಾ ಅದೇನಿ’ ಎನ್ನುತ್ತಿದ್ದರು.

*

ಗಂಟೆ ಬಾರಿಸುತ್ತಿದ್ದ ಆ ಆಸ್ಪತ್ರೆ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಬಂದಾಗ ನನಗೆ ಮೊದಲು ಕಂಡದ್ದು ಅಲ್ಲಿನ ಗಲೀಜು. ಮಂಚದ ಕೆಳಗೆ ಚಾಪೆ, ಚಾಪೆಯ ಮೇಲೆ ತಾಯಿ, ತಾಯಿಯ ಪಕ್ಕ ಸಜ್ಜಿರೊಟ್ಟಿಯ ಬುತ್ತಿ, ಕಿಟಕಿಯ ಸರಳಿಗೆ ಒಣಹಾಕಿದ ಲಂಗೋಟಿ. ಭೇಟಿಯ ಬೋರ್ಡು ಅಲ್ಲಿಯೂ ಇತ್ತು, ಅದಕ್ಕೆ ಯಾರೋ ಟವೆಲ್ಲು ನೇತುಹಾಕಿದ್ದರು. ಐವತ್ತು ಮಕ್ಕಳಿಗೆ ಇಬ್ಬರು ನರ್ಸ್. ತಾಯಂದಿರನ್ನು ಹೊರಗೆ ಕಳಿಸಿದರೆ ಉಣಿಸುವವರಾರು, ಒದ್ದೆ ಬಟ್ಟೆ ಬದಲಿಸುವವರಾರು? ಬ್ರಿಟನ್ ಚಿತ್ರ ತೆಗೆದು, ಸಮಿತಿ ಕೂರಿಸಿ, ಜಗಳವಾಡಿ ಕಲಿತದ್ದನ್ನು ನಮ್ಮ ಸರ್ಕಾರಿ ವಾರ್ಡು ಕೈಗಳ ಬರದಿಂದ ಉಳಿಸಿಕೊಂಡಿತ್ತು. ಅದನ್ನು ನಾವು ಹಿಂದುಳಿದಿರುವಿಕೆ ಎಂದು ನಾಚಿಕೊಳ್ಳುತ್ತಿದ್ದೆವು. ಆ ವಾರ್ಡಿನಲ್ಲಿ ಮಕ್ಕಳು ಜೋರಾಗಿ ಅಳುತ್ತಿದ್ದವು, ತಾಯಿಯ ಕೈ ಕಚ್ಚುತ್ತಿದ್ದವು, ರಚ್ಚೆ ಹಿಡಿಯುತ್ತಿದ್ದವು. ಗೋಡೆಯ ಕಡೆ ತಿರುಗಿ ಮಲಗಿದ ಮಗುವನ್ನು ಮಾತ್ರ ನಾನು ಅಲ್ಲಿ ಹೆಚ್ಚು ಕಾಣಲಿಲ್ಲ.

ಮನೆಯವರನ್ನು ಒಳಗೆ ಕರೆದರೆ ರೋಗಿಗೆ ಒಳಿತು ಎಂದು ತಿಳಿದೇ ಮಾಡಿದವರೂ ನಮ್ಮಲ್ಲಿದ್ದರು. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ಬೀಗ ಹಾಕಿ ದೂರ ಇಡುವುದೇ ಪದ್ಧತಿಯಾಗಿದ್ದ ಕಾಲದಲ್ಲಿ ಅದು ದೊಡ್ಡ ಮಾತು.

ಕೈಗಳ ಬರದಂತೆ ಯಂತ್ರದ ಬರದಿಂದಲೂ ಒಮ್ಮೆ ಪಾಠ ಸಿಕ್ಕಿತು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಎಂಬ ವೈದ್ಯ, ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಇನ್‌ಕ್ಯುಬೇಟರ್ ಸಾಲದೆ, ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟಿಬಿಟ್ಟ. ಇಂದು ಅದಕ್ಕೆ ಕಾಂಗರೂ ಆರೈಕೆ ಎನ್ನುತ್ತೇವೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಒಯ್ಯುವ ಕೆಲಸ ನಡೆದಿದೆ. ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸು ಸುಧಾರಿಸಲಿ ಎಂದು ಕಾದು ತಾಯಿಗೆ ಕೊಟ್ಟಾಗ 28 ದಿನದೊಳಗೆ 100ಕ್ಕೆ 15.7ರಷ್ಟು ಸತ್ತರೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ ಅದು 12ಕ್ಕೆ ಇಳಿಯಿತು. ಅದಕ್ಕಾಗಿ ಎಳೆಗೂಸುಗಳ ಐಸಿಯುನ ಗಾಜಿನ ಕೋಣೆಗೆ ತಾಯಿಯ ಮಂಚವನ್ನೂ ತಂದು ಹಾಕಿದ್ದರು.

*

ಇದೆಲ್ಲ ಮಕ್ಕಳ ಮಾತು ಎಂದುಕೊಂಡೇ ನಿವೃತ್ತಳಾದೆ. ಬೌಲ್ಬಿ ಹಾಗೆಂದಿರಲಿಲ್ಲ, ಈ ಅಂಟು ತೊಟ್ಟಿಲಿಂದ ಗೋರಿಯವರೆಗೆ ಎಂಬುದು ಅವನ ನಂಬಿಕೆ. 1987ರಲ್ಲಿ ಹೇಝನ್ ಮತ್ತು ಶೇವರ್ ಎಂಬಿಬ್ಬರು ಡೆನ್ವರಿನ ದಿನಪತ್ರಿಕೆಯಲ್ಲಿ ಪ್ರಶ್ನಾವಳಿ ಅಚ್ಚು ಹಾಕಿಸಿ ದೊಡ್ಡವರ ಪ್ರೀತಿಯಲ್ಲೂ ಐನ್ಸ್‌ವರ್ತ್‌ಳ ಮೂರು ಬಗೆ ಇವೆ ಎಂದು ತೋರಿಸಿದ್ದರು. ಅದನ್ನು ಪಾಠ ಮಾಡುವಾಗ ವಿದ್ಯಾರ್ಥಿನಿಯರು ಕಿಸಕ್ಕೆಂದು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಹೋದ ವರ್ಷ ನಮ್ಮ ಯಜಮಾನರನ್ನು ನ್ಯುಮೋನಿಯಾ ಎಂದು ಐಸಿಯುಗೆ ಹಾಕಿದರು. ಯಾವ ಆಸ್ಪತ್ರೆ ಎನ್ನುವುದು ಇಲ್ಲಿಯೂ ಬೇಡ. ಭೇಟಿ ದಿನಕ್ಕೆ ಎರಡು ಸಲ, ಹದಿನೈದು ನಿಮಿಷ. ಗಂಟೆಯ ಬದಲು ಬಾಗಿಲಲ್ಲಿ ಸೆಕ್ಯುರಿಟಿ ಹುಡುಗ. ಮೊದಲ ದಿನ ಇವರು ಮೂಗಿನ ನಳಿಕೆ ಕೀಳಲು ಹೋಗಿ ಜಗಳ ಮಾಡಿದರಂತೆ. ‘ನನ್ನ ಮನಿಗೆ ಕಳಸ್ರಿ’ ಎಂದು ಕೂಗಿದರಂತೆ. ಮೂರನೆಯ ದಿನ ನಾನು ಒಳಗೆ ಹೋದಾಗ ಮಲಗಿ ಚಾವಣಿ ನೋಡುತ್ತಿದ್ದರು. ನಲವತ್ತು ವರ್ಷಕ್ಕೂ ಮೇಲೆ ಚಹಾದಲ್ಲಿ ಸಕ್ಕರೆ ಕಮ್ಮಿ ಎಂದು ದಿನವೂ ದೂರಿದ ಮನುಷ್ಯ. ಕೈ ಹಿಡಿದೆ, ನನ್ನ ಕಡೆ ನೋಡಿ ಮುಖ ಆಚೆ ಮಾಡಿದರು. ಕನ್ನಡಕ ಹಾಕಿರಲಿಲ್ಲ. ದಾಖಲು ಮಾಡುವಾಗ ಬಿಚ್ಚಿ ಕೊಟ್ಟದ್ದು ಹೊರಗೆ ನನ್ನ ಚೀಲದಲ್ಲೇ ಇತ್ತು.

ಡ್ಯೂಟಿಯ ಹುಡುಗಿ ಇಪ್ಪತ್ತೆರಡರ ಹತ್ತಿರದವಳು, ನಮ್ಮ ಕಡೆಯವಳೇ. ಕಂಪ್ಯೂಟರಿನ ಮುಂದೆ ಕೂತು ಟೈಪು ಮಾಡುತ್ತ ಸಂತೋಷದಿಂದ ಹೇಳಿದಳು: ‘ಇವತ್ತ ಅಂಕಲ್ ಭಾಳ ಶಾಂತ ಅದಾರ್ರಿ ಆಂಟಿ. ಏನೂ ತ್ರಾಸ ಕೊಟ್ಟಿಲ್ಲ.’

ವಯಸ್ಸಾದವರಿಗೆ ಐಸಿಯುನಲ್ಲಿ ಕವಿಯುವ ಬುದ್ಧಿಗೊಂದಲಕ್ಕೆ ಎರಡು ರೂಪ. ಕೂಗಾಡುವ ರೂಪ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೌನದ ರೂಪ ತಪ್ಪಿಹೋಗುತ್ತದೆ, ಅದರಿಂದ ಯಾರಿಗೂ ತ್ರಾಸ ಇಲ್ಲವಲ್ಲ. ಕನ್ನಡಕ, ಕಿವಿಯಂತ್ರ, ಗೋಡೆಗೊಂದು ಗಡಿಯಾರ, ಗುರುತಿನ ಮುಖ ಇವೂ ಅದಕ್ಕೆ ಮದ್ದೇ. ಇದನ್ನೆಲ್ಲ ಆ ಹುಡುಗಿಗೆ ಪಾಠ ಮಾಡಬಹುದಿತ್ತು. ನನಗೆ ಆಗ ಕಂಡದ್ದು ಅವಳ ಜಾಗದಲ್ಲಿ ಕೂತಿದ್ದ ನಾನು.

‘ಶಾಂತ ಅದಾರ ಅಂತ ಬರೀಬ್ಯಾಡವ್ವಾ’ ಅಂದೆ.

‘ಮತ್ತ ಏನ ಬರೀಲ್ರಿ?’

‘ನೀ ಕಂಡದ್ದು ಬರಿ. ನಿನ್ನೆಯಿಂದ ಮಾತಾಡಿಲ್ಲ ಅಂತ ಬರಿ. ಹೆಂಡತಿ ಬಂದಾಗ ಮುಖ ತಿರುಗಿಸಿದ್ರು ಅಂತ ಬರಿ.’

ಅವಳು ಒಮ್ಮೆ ನನ್ನನ್ನು, ಒಮ್ಮೆ ಮಂಚವನ್ನು ನೋಡಿದಳು. ಬರೆದದ್ದನ್ನು ಅಳಿಸುವ ಕೀಲಿಯ ಸದ್ದು ಟಕಟಕ ಕೇಳಿಸಿತು. ಅಷ್ಟರಲ್ಲಿ ಸೆಕ್ಯುರಿಟಿ ಹುಡುಗ ಬಾಗಿಲಲ್ಲಿ ತಲೆಹಾಕಿ ‘ಟೈಮ್ ಆತ್ರಿ ಅಮ್ಮಾರ’ ಎಂದ. ಹುಡುಗಿ ಪರದೆಯಿಂದ ಕಣ್ಣು ತೆಗೆಯದೆ, ‘ತಡಿಯಪ್ಪಾ, ಅವರು ಚಷ್ಮಾ ತರಾಕ ಹೊಂಟಾರ, ಮತ್ತ ಒಳಗ ಬರ್ತಾರ’ ಎಂದಳು.